ಅಳಿಸಿದಷ್ಟೂ ತುಂಬಿದ ಉಗ್ರಾಣ

ವಾಂಡಾ ಪ್ರುಚ್ನಿಕ್‌ಳ ಅಪ್ಪ ಮೂವತ್ತು ವರ್ಷ ಕಲ್ಲಿದ್ದಲ ಗಣಿಯಲ್ಲಿ ನೆಲದಡಿ ದುಡಿದ. ಮಗಳಾದರೂ ಬೆಳಕು ಕಾಣಲಿ ಅಂತ ಕಂಪ್ಯೂಟರ್ ಕಲಿಯಲು ಕಳಿಸಿದ. ಕಲಿತು ಬಂದವಳಿಗೆ ಬ್ಲ್ಯಾಕ್‌ಲಿಕ್ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತದವರು, ಕೊಟ್ಟ ಜಾಗ ಕೋರ್ಟು ಕಟ್ಟಡದ ನೆಲಮಾಳಿಗೆ. ಅಪ್ಪ ನೆಲದಡಿ ಬೆವರುತ್ತಿದ್ದ. ಮಗಳು, ಯಂತ್ರಗಳಿಗೆ ಸೆಕೆಯಾಗಬಾರದೆಂದು ಹಾಕಿದ ತಂಪು ಗಾಳಿಯಲ್ಲಿ, ಜುಲೈ ತಿಂಗಳಲ್ಲೂ ಸ್ವೆಟರ್ ತೊಟ್ಟು ಕೂತಳು. ಹಾಗೆ ಕೂತು ಇಪ್ಪತ್ತೊಂಬತ್ತು ವರ್ಷವಾಗಿತ್ತು. ಪಿಂಚಣಿಗೆ ಇನ್ನು ಎರಡು ವರ್ಷ ಎಂಟು ತಿಂಗಳು.

ಅವಳ ಕೆಲಸ ಉಗ್ರಾಣ ಕಾಯುವುದು. ಶೆರೀಫ್ ಕಚೇರಿ, ತೆರಿಗೆ, ನೀರು, ನಾಯಿ ಲೈಸೆನ್ಸು, ಹೆಣ ಪರೀಕ್ಷೆ ಎಲ್ಲದರ ಕಡತಗಳೂ ಅಲಮಾರಿಯಷ್ಟು ಎತ್ತರದ ಒಂದೇ ಡಿಸ್ಕುಗಳ ಗೂಡಿನಲ್ಲಿ ಇರುತ್ತಿದ್ದವು. ಆದರೆ ಪ್ರತಿ ಇಲಾಖೆಯ ಪರದೆಯ ಮೇಲೂ ಅದರದೇ ಡಿಸ್ಕು, ಅದರದೇ ಜಾಗ ಎಂದು ಕಾಣುತ್ತಿತ್ತು. ಒಂದೇ ಅಡುಗೆಮನೆಯಲ್ಲಿ ಏಳು ಸೊಸೆಯರು, ಪ್ರತಿಯೊಬ್ಬಳಿಗೂ ಒಲೆ ತನ್ನೊಬ್ಬಳದೇ ಎಂಬ ನಂಬಿಕೆ. ಆ ನಂಬಿಕೆ ಕೆಡದ ಹಾಗೆ ನೋಡಿಕೊಳ್ಳುವ ಅತ್ತೆ ವಾಂಡಾ.

ಉಗ್ರಾಣ ಎಷ್ಟು ತುಂಬಿದೆ ಎಂಬ ವರದಿ ದಿನಾ ಬೆಳಿಗ್ಗೆ ಏಳಕ್ಕೆ ತಾನಾಗಿ ಬರುತ್ತಿತ್ತು. ವರ್ಷಗಟ್ಟಲೆ ಅದನ್ನು ವಾಂಡಾ ಬಿಟ್ಟರೆ ಯಾರೂ ಓದಿದವರಲ್ಲ. ಆ ವರ್ಷ ಫೆಬ್ರವರಿಯಲ್ಲಿ ಅದು ಶೇಕಡ ಎಂಬತ್ತೆಂಟು ಅಂದಿತು. ಕಂಪ್ಯೂಟರ್ ವಿಭಾಗದ ಹೊಸ ನಿರ್ದೇಶಕ ಕೈಲ್ ಡೆನ್‌ಲಿಂಗರ್ ಅದನ್ನು ಓದಿದ. ಅಲ್ಲಿಂದ ಕೇಡುಗಾಲ ಶುರುವಾಯಿತು.

ಕೈಲ್‌ಗೆ ಮೂವತ್ಮೂರು ವರ್ಷ. ಕೌಂಟಿ ನೌಕರರು ನಲವತ್ತೊಂದು ದಿನ ಮುಷ್ಕರ ಹೂಡಿ, ವಾಂಡಾ ಹಿಮದಲ್ಲಿ ಡ್ರಮ್ಮಿನೊಳಗೆ ಸೌದೆ ಉರಿಸಿಕೊಂಡು ಗೇಟು ಕಾದಾಗ ಅವನು ನಾಲ್ಕನೇ ಕ್ಲಾಸು. ಅಂಗಿಯ ತೋಳು ಮಡಚಿಕೊಂಡೇ ಕಚೇರಿಗೆ ಬರುತ್ತಿದ್ದ, ಮಡಚಿದ ಕೈ ಯಾವ ಕೆಲಸಕ್ಕೂ ತಾಗಿದ್ದನ್ನು ಕಂಡವರಿಲ್ಲ.

"ನೂರಕ್ಕೆ ಮುಟ್ಟಿದ್ರೆ ಏನಾಗುತ್ತೆ ವಾಂಡಾ?" ಎಂದು ಕೇಳಿದ.

"ಎಲ್ಲಾ ನಿಂತೋಗುತ್ತೆ ಮರಿ. ಕೋರ್ಟು, ತೆರಿಗೆ, ಜೈಲಿನ ಹಾಜರಿ, ಎಲ್ಲಾ."

"ಹಾಗಾದ್ರೆ ಹಳೇದನ್ನ ಅಳಿಸೋಣ."

"ತಡಿ. ಯಾಕೆ ತುಂಬ್ತಿದೆ ಅಂತ ಮೊದ್ಲು ನೋಡೋಣ. ಇಲ್ಲಿ ಯಾರೂ ಅಷ್ಟು ಕೆಲಸ ಮಾಡಲ್ಲ, ಇಷ್ಟು ತುಂಬೋಕೆ."

"ನಿಮ್ಮ ಅನುಭವದ ಬಗ್ಗೆ ನಂಗೆ ತುಂಬಾ ಗೌರವ ಇದೆ ವಾಂಡಾ," ಎಂದ ಕೈಲ್. ಮೇಲಿನವರು ಗೌರವದ ಮಾತು ಎತ್ತಿದರೆ ತಾನು ಕೂತ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಎಂದು ವಾಂಡಾ ಯೂನಿಯನ್ನಿನಲ್ಲಿ ಕಲಿತಿದ್ದಳು. ಮರುದಿನವೇ ಪಿಟ್ಸ್‌ಬರ್ಗಿನಿಂದ ಒಬ್ಬ ಸಲಹೆಗಾರ ಬಂದ. ಉಗ್ರಾಣದ ಕೆಲಸವನ್ನೆಲ್ಲ ಹೊರಗಿನ ಕಂಪನಿಗೆ ವಹಿಸುವ ಯೋಚನೆ ಕೌಂಟಿ ಆಳುವ ಮೂವರು ಚುನಾಯಿತ ಕಮಿಷನರುಗಳಿಗೆ ಇದೆ ಎಂಬ ಗುಸುಗುಸು ಅವನ ಹಿಂದೆಯೇ ಬಂತು.

ಸಲಹೆಗಾರ ಎರಡು ದಿನ ಕೂತು, ಬಣ್ಣಬಣ್ಣದ ಚಕ್ರಗಳ ಚಿತ್ರ ತೋರಿಸಿ, "ಕಡತಗಳು ಹೆಚ್ಚಾಗಿವೆ" ಎಂದು ಕಂಡುಹಿಡಿದ. ಊರಿಗೆ ನೆರೆ ಬಂದಾಗ ನೀರು ಹೆಚ್ಚಾಗಿದೆ ಎಂದು ಹೇಳಲು ಪಿಟ್ಸ್‌ಬರ್ಗಿನಿಂದ ಬರಬೇಕೆ ಎಂದು ವಾಂಡಾ ಗೊಣಗಿದಳು. ಕೇಳಿಸಿಕೊಂಡವರಿಲ್ಲ.

ಗೋಡೆಗಳ ಮೇಲೆ ಪೋಸ್ಟರು ಬಂದವು. ಪ್ರತಿ ಶುಕ್ರವಾರ "ಅಳಿಸುವ ದಿನ". ಹೆಚ್ಚು ಅಳಿಸಿದ ಇಲಾಖೆಗೆ ಪಿಜ್ಜಾ. ಮೊದಲ ವಾರ ಶೆರೀಫ್ ಕಚೇರಿಯವರು ಕಾರಿಗೆ ಸಿಕ್ಕಿ ಸತ್ತ ಜಿಂಕೆಗಳ ಹನ್ನೊಂದು ಸಾವಿರ ಫೋಟೊ ಅಳಿಸಿ ಪಿಜ್ಜಾ ತಿಂದರು. ನಾಯಿ ಲೈಸೆನ್ಸಿನ ಹೆಂಗಸು ಇಪ್ಪತ್ತು ವರ್ಷದ ನಾಯಿಗಳ ಚಿತ್ರಗಳನ್ನು ಒಂದೊಂದಾಗಿ ನೋಡಿ, ಹೆಸರು ಹಿಡಿದು ಕರೆದು, ಮೂಗು ಒರೆಸಿಕೊಳ್ಳುತ್ತಾ ಅಳಿಸಿದಳು. ಹೆಣ ಪರೀಕ್ಷೆಯವರು ಎಲ್ಲರಿಗಿಂತ ಧಾರಾಳವಾಗಿ ಅಳಿಸಿದರು, ಅವರ ಗಿರಾಕಿಗಳು ತಕರಾರು ಎತ್ತುವವರಲ್ಲ.

ಸುಮ್ಮನೆ ಅಳಿಸಿದರೆ ಆ ಕೌಂಟಿಯಲ್ಲಿ ನಡೆಯುತ್ತಿರಲಿಲ್ಲ. ಹಿಂದೊಮ್ಮೆ ಒಬ್ಬ ಕಮಿಷನರು ಅಧ್ಯಯನ ಪ್ರವಾಸದಲ್ಲಿ ಬಿಸಿನೀರ ತೊಟ್ಟಿಯೊಳಗೆ ಕೂತು ತೆಗೆಸಿಕೊಂಡ ಫೋಟೊ, ಅಳಿಸಿದ ಮೇಲೂ ಯಾರದೋ ಕೈಗೆ ಸಿಕ್ಕಿ, ಊರೆಲ್ಲ ಅವನ ಹೊಟ್ಟೆ ನೋಡಿತ್ತು. ಮರುವಾರವೇ ಕಮಿಷನರುಗಳು ನಿಯಮ ಮಾಡಿದರು: ಯಾವ ಕಡತ ಅಳಿಸಿದರೂ ಅದಿದ್ದ ಜಾಗದ ಮೇಲೆ ಮೂರು ಸಲ ಸೊನ್ನೆ ತುಂಬಬೇಕು. ರಸ್ತೆಯ ಗುಂಡಿ ಮುಚ್ಚಲು ಹನ್ನೆರಡು ವರ್ಷ ತೆಗೆದುಕೊಂಡವರು ಹೊಟ್ಟೆ ಮುಚ್ಚಲು ಒಂದು ವಾರ ತೆಗೆದುಕೊಂಡರು. ಅಂದಿನಿಂದ ಇಲಾಖೆಯವರು ಪಟ್ಟಿ ಕಳಿಸುವುದು, ವಾಂಡಾ ಗುಂಡಿ ಒತ್ತುವುದು, ಯಂತ್ರ ಸೊನ್ನೆ ಬಳಿಯುವುದು.

ಮೊದಲ ಶುಕ್ರವಾರದ ನಂತರದ ವರದಿ ತೊಂಬತ್ತು ಅಂದಿತು. ಎರಡನೆಯದರ ನಂತರ ತೊಂಬತ್ಮೂರು.

ಸಭೆ ಸೇರಿತು. "ಜನ ಮನಸಿಟ್ಟು ಅಳಿಸ್ತಿಲ್ಲ," ಎಂದ ಕೈಲ್. ಸಲಹೆಗಾರ ತಲೆಯಾಡಿಸಿದ. ಪಿಜ್ಜಾದ ಮೇಲೆ ಚೀಸ್ ಹೆಚ್ಚಿಸುವುದೆಂದು ತೀರ್ಮಾನವಾಯಿತು.

ಪ್ರತಿ ಮಂಗಳವಾರ ಹತ್ತು ಗಂಟೆಗೆ ಲೊರೆಟ್ಟಾ ಹೇರ್‌ಸ್ಟನ್ ಕೋರ್ಟು ಕಟ್ಟಡಕ್ಕೆ ಬರುತ್ತಿದ್ದಳು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿದವಳು. ಅರ್ಧ ಕೌಂಟಿಯನ್ನು, ಕೈಲ್‌ನನ್ನೂ ಸೇರಿಸಿ, ಕಿವಿ ಹಿಂಡಿ ಸೀಟಿನಲ್ಲಿ ಕೂರಿಸಿದವಳು. ಅವಳ ಮನೆ ಇದ್ದದ್ದು ಹಳೆಯ ಉಕ್ಕಿನ ಕಾರ್ಖಾನೆಯ ಬೂದಿ ಗುಡ್ಡದ ಕೆಳಗಿನ ಸ್ಲ್ಯಾಗ್ ರೋ ಎಂಬ ಬೀದಿಯಲ್ಲಿ. ಅವಳ ಇಬ್ಬರು ಮೊಮ್ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತ್ತು. ನಲ್ಲಿ ನೀರಿನಿಂದ ಎಂದು ಆ ಬೀದಿಯವರು, ಮನೆಯ ಹಳೇ ಬಣ್ಣದಿಂದ ಎಂದು ಕೌಂಟಿಯವರು. ಎರಡು ಸಾವಿರದ ಒಂಬತ್ತರಿಂದ ಹದಿನಾಲ್ಕರವರೆಗಿನ ನೀರಿನ ಪರೀಕ್ಷೆಯ ಕಾಗದ ಕೊಡಿ ಎಂದು ಲೊರೆಟ್ಟಾ ಅರ್ಜಿ ಹಾಕಿ ಎರಡು ವರ್ಷವಾಗಿತ್ತು. ಹುಡುಕುತ್ತಿದ್ದೇವೆ ಎಂಬ ಉತ್ತರವೇ ಅವಳ ಬಳಿ ಒಂಬತ್ತು ಸಲ ಬರವಣಿಗೆಯಲ್ಲಿತ್ತು.

ಅರ್ಜಿಯ ಕಿಟಕಿ ಮುಗಿಸಿ ಅವಳು ನೆಲಮಾಳಿಗೆಗೆ ಇಳಿದು ವಾಂಡಾಳ ಕಾಫಿ ಕುಡಿದೇ ಹೋಗುತ್ತಿದ್ದಳು.

"ಇನ್ನೂ ಹುಡುಕ್ತಿದಾರಂತೆ ಕಣೇ. ಬಸ್ಸಲ್ಲಿ ಮಗು ಬಿಟ್ಟ ಕೈಗವಸು ನಾನು ಎರಡು ನಿಮಿಷದಲ್ಲಿ ಹುಡುಕ್ತಿದ್ದೆ."

"ಇದೆ, ಎಲ್ಲಾ ಇದೆ," ಎಂದಳು ವಾಂಡಾ. "ನೀರಿನವರು ಮೇಲಿಂದ ಒಂದು ಸಹಿ ಹಾಕಿ ಕಳಿಸ್ಲಿ, ಆ ಗಳಿಗೆನೇ ತೆಗೆದುಕೊಡ್ತೀನಿ."

"ಸಹಿ ಹಾಕೋ ಕೈಗೆ ಲಕ್ವ ಹೊಡೆದಿದೆ. ಇದ್ರೆ ಸಾಕು. ಜೋಪಾನ ಮಾಡು."

ನಾಲ್ಕನೇ ಶುಕ್ರವಾರ ಬಂದ ಪಟ್ಟಿಯಲ್ಲಿ ನೀರಿನ ಇಲಾಖೆಯ ಸಾಲು ಒಂದಿತ್ತು: ಏಳು ವರ್ಷ ಮೀರಿದ ಎಲ್ಲ ಪರೀಕ್ಷಾ ಕಡತ. ವಾಂಡಾ ಮೆಟ್ಟಿಲು ಹತ್ತಿ ಕೈಲ್‌ನ ಕೋಣೆಗೆ ಹೋದಳು.

"ಇದರ ಮೇಲೆ ಅರ್ಜಿ ಇದೆ. ಅಳಿಸೋ ಹಾಗಿಲ್ಲ."

"ವಕೀಲರು ನೋಡಿದಾರೆ. ಏಳು ವರ್ಷ ದಾಟಿದೆ."

"ವಕೀಲರು ಅರ್ಜಿ ನೋಡಿದಾರಾ?"

"ವಾಂಡಾ, ವರದಿ ತೊಂಬತ್ತಾರು ಅಂತಿದೆ. ಮುಂದಿನ ಗುರುವಾರ ಕಮಿಷನರುಗಳ ಸಭೆ. ಅಲ್ಲಿ ಹೊರಗಿನ ಕಂಪನಿ ವಿಷಯ ಬರುತ್ತೆ. ನಾನು ನಿಮ್ಮ ಪರ ಮಾತಾಡ್ಬೇಕು ಅಂತ ಇದೀನಿ. ನಂಗೆ ಸಹಾಯ ಮಾಡಿ."

ಮುಷ್ಕರದಲ್ಲಿ ಟ್ರಕ್ಕಿನ ಮುಂದೆ ಅಡ್ಡ ಮಲಗಿದ್ದ ವಾಂಡಾ ಪ್ರುಚ್ನಿಕ್ ಕೆಳಗೆ ಹೋಗಿ ಗುಂಡಿ ಒತ್ತಿದಳು. ಆಗ ಮಲಗಿದ್ದವಳಿಗೆ ಇಪ್ಪತ್ತೊಂಬತ್ತು ವರ್ಷದ ನೌಕರಿ ಬೆನ್ನ ಮೇಲಿರಲಿಲ್ಲ. ಈ ಮಾತನ್ನು ಅವಳ ಪರವಾಗಿ ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಯಂತ್ರ ನೀರಿನ ಕಡತಗಳ ಮೇಲೆ ಮೂರು ಸಲ ಸೊನ್ನೆ ಬಳಿಯಿತು.

ಸೋಮವಾರ ವರದಿ ತೊಂಬತ್ತೆಂಟು.

ಆ ಕಡೆ ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಮಾಂಸ ತಿನ್ನುವುದಿಲ್ಲ. ಊರಿನ ಅಗ್ನಿಶಾಮಕ ಸ್ವಯಂಸೇವಕರ ಸಭಾಂಗಣದಲ್ಲಿ ಮೀನು ಕರಿದು ಬಡಿಸುತ್ತಾರೆ, ಕ್ಯಾಥೊಲಿಕ್ ಅಲ್ಲದವರೂ ಸಾಲು ನಿಲ್ಲುತ್ತಾರೆ. ಇಪ್ಪತ್ತು ವರ್ಷದಿಂದ ಎಣ್ಣೆ ಬಾಣಲೆ ವಾಂಡಾಳದು. ಹೀಗಾಗಿ ಅವಳ ಚೀಲದಲ್ಲಿ ಸದಾ ಮೀನಿನ ಆರ್ಡರು ಬರೆಯುವ ಹಸಿರು ಚೀಟಿ ಪುಸ್ತಕ ಇರುತ್ತಿತ್ತು. ಅದರ ಹಾಳೆಯೊಂದರ ಮೇಲೆ ಅವಳು ಸುಮ್ಮನೆ ಬರೆಯುತ್ತಾ ಕೂತಳು. ಜಿಂಕೆ: ಅಳಿಸಿದ್ದು ಎಷ್ಟು, ಮರುದಿನ ಏರಿದ್ದು ಎಷ್ಟು. ನಾಯಿ, ಹೆಣ, ನೀರು. ಬರೆದು ಮುಗಿದಾಗ ಎರಡು ಕಡೆಯ ಅಂಕಿಗಳೂ ಅವಳಿ ಮಕ್ಕಳ ಹಾಗೆ ಕಂಡವು. ಎಷ್ಟು ಅಳಿಸಿದ್ದರೋ ಅಷ್ಟೇ ಏರಿತ್ತು.

"ಕಸ ಎಸೆದಷ್ಟೂ ಮನೆ ತುಂಬ್ತಿದೆ ಅಂದ್ರೆ," ಎಂದು ಯಂತ್ರಗಳಿಗೆ ಕೇಳುವ ಹಾಗೆ ಜೋರಾಗಿ ಅಂದಳು, "ಯಾವನೋ ನನ್ಮಗ ಅದನ್ನ ವಾಪಸ್ ಒಳಗೆ ಹಾಕ್ತಿದಾನೆ."

ಇಂಥದಕ್ಕೆ ಒಂದೇ ಕಾರಣ. ಯಂತ್ರದ ತಂತ್ರಾಂಶ ಬದಲಿಸುವ ಮುಂಚೆ, ಕೆಟ್ಟರೆ ಹಿಂದಕ್ಕೆ ಹೋಗಲು ಇರಲಿ ಅಂತ, ಅದನ್ನು ಇದ್ದ ಸ್ಥಿತಿಯಲ್ಲೇ ಹಿಡಿದಿಡುತ್ತಾರೆ. ಅದಕ್ಕೆ ಸ್ನ್ಯಾಪ್‌ಶಾಟ್ ಅನ್ನುತ್ತಾರೆ. ಚಳವಳಿಯವರು ಬರೆದ ಗೋಡೆಬರಹದ ಮೇಲೆ ಗಾಜಿನ ಹಲಗೆ ನಿಲ್ಲಿಸಿದ ಹಾಗೆ. ಆಮೇಲೆ ನೀವು ಏನು ಬರೆದರೂ ಗಾಜಿನ ಮೇಲೆ. ಅಳಿಸಲೆಂದು ಸುಣ್ಣ ಬಳಿದರೆ ಅದೂ ಗಾಜಿನ ಮೇಲೆ. ನೋಡುವವನಿಗೆ ಗೋಡೆ ಬೆಳ್ಳಗಾಯಿತು. ಆದರೆ ಸುಣ್ಣದ ತೂಕ ಏರಿತು, ಕೆಳಗಿನ ಬರಹ ಬರಹವಾಗಿಯೇ ಉಳಿಯಿತು. ಕೆಲಸ ಮುಗಿದ ಎರಡು ಮೂರು ದಿನದಲ್ಲಿ ಗಾಜು ತೆಗೆಯಬೇಕು. ತೆಗೆದಾಗ ಮೇಲಿನ ಸುಣ್ಣ ಗೋಡೆಗೇ ಇಳಿದು ಹಳೆಯದು ಪೂರ್ತಿ ಅಳಿಯುತ್ತದೆ, ಗಾಜಿನ ಭಾರವೂ ಹೋಗುತ್ತದೆ.

ಆದರೆ ಸ್ನ್ಯಾಪ್‌ಶಾಟುಗಳ ಪಟ್ಟಿ ಖಾಲಿ ಇತ್ತು. ಫೆಬ್ರವರಿಯಲ್ಲೇ ಅವಳು ನೋಡಿದ್ದಳು, ಸಲಹೆಗಾರನೂ ನೋಡಿದ್ದ. ಸರ್ಕಾರಿ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಮನುಷ್ಯ ಸತ್ತಿದ್ದಾನೆ ಎಂದು ನಂಬಬಾರದು ಎಂದು ಅವಳು ಯೂನಿಯನ್ನಿನಲ್ಲಿ ಹತ್ತು ಸಲ ಭಾಷಣ ಮಾಡಿದ್ದಳು. ಈಗ ಪಟ್ಟಿ ಬಿಟ್ಟು, ಗೂಡಿನೊಳಗೇ ಇಳಿದು, ಕಡತಗಳ ಯಂತ್ರದ ತುಣುಕುಗಳನ್ನು ಒಂದೊಂದಾಗಿ ನೋಡಿದಳು. ಅಲ್ಲಿ ಕೂತಿತ್ತು, ಉಂಡು ಮಲಗಿದ ಹೆಬ್ಬಾವಿನ ಹಾಗೆ, ಅರ್ಧ ಉಗ್ರಾಣ ನುಂಗಿಕೊಂಡು. ಕಳೆದ ಬೇಸಿಗೆಯಲ್ಲಿ ಹಳೇ ಗೂಡಿನಿಂದ ಹೊಸದಕ್ಕೆ ಸಾಮಾನು ಸಾಗಿಸುವಾಗ ಗಾಜು ಬಂದಿತ್ತು, ಪಟ್ಟಿಯ ಚೀಟಿ ಕಳೆದುಹೋಗಿತ್ತು.

ಹಳೇ ದಾಖಲೆ ಕೆದಕಿದಳು. ಹನ್ನೊಂದು ತಿಂಗಳ ಹಿಂದೆ, ಇಂಥದೇ ಉಪವಾಸದ ಶುಕ್ರವಾರ, ಮಧ್ಯಾಹ್ನ ಎರಡೂವರೆಗೆ ಹಿಡಿದಿಟ್ಟದ್ದು. ಹೆಸರು: "ಶುಕ್ರವಾರ ತೆಗೆಯಬೇಕು". ಯಾವ ಶುಕ್ರವಾರ ಎಂದಿರಲಿಲ್ಲ. ಹಿಡಿದಿಟ್ಟವರು: ಡಬ್ಲ್ಯು. ಪ್ರುಚ್ನಿಕ್. ವಾಂಡಾ ಎಂದು ಪೋಲಿಷ್ ಅಜ್ಜಿ ಇಟ್ಟ ಹೆಸರಿನ ಮೊದಲಕ್ಷರ.

ಅವತ್ತು ಅಗ್ನಿಶಾಮಕ ಸಭಾಂಗಣದಿಂದ ಫೋನು ಬಂದಿತ್ತು, ಮೀನು ಕರಿಯುವ ಇನ್ನೊಬ್ಬಳು ಜಾರಿಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಬೇಗ ಬಾ ಎಂದು. ಮುನ್ನೂರು ಜನ ಸಾಲಿನಲ್ಲಿದ್ದರು. ವಾಂಡಾ ಓಡಿದ್ದಳು. ಕೌಂಟಿಯ ಆರು ವಾರದ ಕೋಲಾಹಲ, ಪಿಜ್ಜಾ, ಪಿಟ್ಸ್‌ಬರ್ಗ್, ಎಲ್ಲದರ ಬೇರು ಅವಳ ಬಾಣಲೆಯಲ್ಲಿತ್ತು.

ಅವಳು ಕೂತಲ್ಲೇ ನಕ್ಕಳು. ಆಮೇಲೆ ನಗು ನಿಂತಿತು. ಲೊರೆಟ್ಟಾಳ ನೀರು ಗಾಜಿನ ಕೆಳಗೆ ಹಾಗೇ ಇದೆ ಎಂಬುದು ಆಗ ಹೊಳೆಯಿತು.

ಈಗ ಗಾಜು ತೆಗೆದರೆ ವರದಿ ಐವತ್ತರ ಸುತ್ತ ಇಳಿಯುತ್ತದೆ, ಗುರುವಾರದ ಸಭೆಯಲ್ಲಿ ಅವಳು ಕೌಂಟಿ ಉಳಿಸಿದ ಹೆಂಗಸು, ಮರೆವಿನ ಸಾಕ್ಷಿ ತಾನಾಗಿ ಮಾಯ. ಅದರ ಜೊತೆ ನೀರಿನ ಕಾಗದವೂ ಶಾಶ್ವತವಾಗಿ ಮಾಯ. ಕಾಗದ ಹೊರತೆಗೆದರೆ, ಅದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಆಗ ತನ್ನ ಹೆಸರು ಹೇಳಬೇಕು.

ಮೊದಲು ಕೈಲ್‌ಗೆ ಹೇಳಿದಳು. ಕದ್ದು ಮಾಡುವ ಅಭ್ಯಾಸ ಅವಳಿಗಿರಲಿಲ್ಲ. ಗಾಜು, ಸುಣ್ಣ ಎಲ್ಲ ಬಿಡಿಸಿ ಹೇಳಿದಾಗ ಅವನ ಮುಖ ಹಬ್ಬದಂತಾಯಿತು.

"ಹಾಗಾದ್ರೆ ಈಗಲೇ ತೆಗೀರಿ!"

"ತೆಗೀತೀನಿ. ಅದಕ್ಕೆ ಮುಂಚೆ ನೀರಿನ ಕಡತ ಹೊರಗೆ ತೆಗೆದಿಡ್ತೀನಿ."

ಹಬ್ಬ ಇಳಿಯಿತು. "ಅವು ನಿಯಮದ ಪ್ರಕಾರ ಅಳಿಸಿ ಹೋಗಿವೆ ವಾಂಡಾ. ಕಾನೂನಿನ ದೃಷ್ಟಿಯಲ್ಲಿ ಅವು ಇಲ್ಲ."

"ಕಾನೂನಿನ ಕಣ್ಣಿಗೆ ಪೊರೆ ಬಂದಿರ್ಬೇಕು. ನನ್ನ ಪರದೆ ಮೇಲೆ ಇದೆ, ಬಂದು ನೋಡು."

ಅವನು ಬಾಗಿಲು ಹಾಕಿ ಬಂದು ಕೂತ. "ಆ ಸ್ನ್ಯಾಪ್‌ಶಾಟ್ ಯಾರು ಇಟ್ಟಿದ್ದು?"

"ನಾನು."

"ಹನ್ನೊಂದು ತಿಂಗಳು ಮರೆತಿದ್ದು?"

"ನಾನೇ."

"ಹಾಗಾದ್ರೆ," ಎಂದ ಕೈಲ್, ಮೆತ್ತಗೆ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ, "ಅದು ಸುಮ್ನೆ ಹೋಗೋದು ನಿಮಗೇ ಒಳ್ಳೇದಲ್ವಾ? ನಾನು ಯಾರಿಗೂ ಹೇಳಲ್ಲ. ಎರಡೂವರೆ ವರ್ಷ ಕೂತು ಪಿಂಚಣಿ ತಗೊಂಡು ಹೋಗಿ."

"ಎರಡು ವರ್ಷ ಎಂಟು ತಿಂಗಳು," ಎಂದಳು ವಾಂಡಾ. "ಮರಿ, ಲೊರೆಟ್ಟಾ ಬಸ್ಸಲ್ಲಿ ನೀನು ಹೋಗ್ತಿದ್ದೆ ತಾನೇ?"

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನಿಲ್ಲ. ಅವಳು ಒಂದು ಮಗುನೂ ರಸ್ತೆ ಮೇಲೆ ಬಿಟ್ಟು ಬಂದಿಲ್ಲ. ನಿನ್ನಂಥದ್ದನ್ನೂ."

ಅಷ್ಟು ಹೇಳಿ ಇಳಿದು ಬಂದಳು. ಗಾಜಿನ ಕೆಳಗಿನದನ್ನು ಇನ್ನೊಂದು ಖಾಲಿ ಯಂತ್ರಕ್ಕೆ ಓದುವುದಕ್ಕಷ್ಟೇ ತೋರಿಸಿ, ನೀರಿನ ಕಡತಗಳನ್ನು ಎರಡು ಡಿಸ್ಕುಗಳಿಗೆ ನಕಲು ಮಾಡಿದಳು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಹಿಡಿಯಿತು. ಅಷ್ಟರಲ್ಲಿ ಕೈಲ್ ಎರಡು ಸಲ ಮೆಟ್ಟಿಲವರೆಗೆ ಬಂದು ಹಿಂದಿರುಗಿದ. ಅವನಿಗೆ ಯಾವ ತಂತಿ ಕಿತ್ತರೆ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಕೀಳುತ್ತಿದ್ದನೇನೋ, ಗೊತ್ತಿರಲಿಲ್ಲ. ಗೊತ್ತಿಲ್ಲದವರನ್ನೇ ಮೇಲೆ ಕೂರಿಸುವ ಪದ್ಧತಿಯಿಂದ ಒಮ್ಮೊಮ್ಮೆ ಉಪಕಾರವೂ ಆಗುತ್ತದೆ.

ಒಂದು ಡಿಸ್ಕನ್ನು ಅರ್ಜಿಯ ಕಿಟಕಿಯಲ್ಲಿ ಕೊಟ್ಟು ಮುದ್ರೆ ಒತ್ತಿಸಿಕೊಂಡಳು. ಇನ್ನೊಂದನ್ನು, ಅದು ಮಂಗಳವಾರವಾದ್ದರಿಂದ ಕಾಫಿಗೆ ಕಾಯುತ್ತಿದ್ದ ಲೊರೆಟ್ಟಾಳ ಕೈಗೇ ಕೊಟ್ಟಳು. ಮೇಲಿನ ಸಹಿಗೆ ಕಾಯಲಿಲ್ಲ. ಆಮೇಲೆ ನಡೆದದ್ದನ್ನೆಲ್ಲ, ಮೀನಿನ ಸಮೇತ, ಒಂದು ಪುಟ ಬರೆದು, ಪೂರ್ತಿ ಹೆಸರು ಹಾಕಿ, ಮೂವರು ಕಮಿಷನರಿಗೂ ಕಳಿಸಿದಳು. ಕಡೆಗೆ ಗಾಜು ತೆಗೆದಳು. ಬುಧವಾರದ ವರದಿ ಐವತ್ತೆರಡು.

ಗುರುವಾರದ ಸಭೆಯಲ್ಲಿ ಕೈಲ್ ಆ ಐವತ್ತೆರಡನ್ನು ಗೋಡೆಯಗಲ ತೋರಿಸಿ, ಅಳಿಸುವ ಶುಕ್ರವಾರಗಳ ಫಲ ಎಂದ. ಚಪ್ಪಾಳೆ ಬಿತ್ತು. ಆಮೇಲೆ ಲೊರೆಟ್ಟಾ ಎದ್ದು, ಜನರಿಗೆ ಮಾತಾಡಲು ಕೊಡುವ ಮೂರು ನಿಮಿಷದಲ್ಲಿ, ಸ್ಲ್ಯಾಗ್ ರೋನ ಒಂದೊಂದೇ ಮನೆಯ ನಂಬರು, ಅದರ ನಲ್ಲಿಯಲ್ಲಿ ಆ ವರ್ಷಗಳಲ್ಲಿ ಸಿಕ್ಕ ಸೀಸ, ಎರಡನ್ನೇ ಓದುತ್ತಾ ಹೋದಳು. ಸಮಯ ಮುಗಿಯಿತೆಂದು ಗಂಟೆ ಹೊಡೆದರು. ಹಿಂದೆ ಕೂತಿದ್ದ ನೆರೆಯವಳು ಎದ್ದು ಉಳಿದದ್ದನ್ನು ಓದಿದಳು. ಅವಳಾದ ಮೇಲೆ ಇನ್ನೊಬ್ಬಳು. ಗಂಟೆ ಹೊಡೆಯುವವನ ಕೈ ಸೋತಿತು.

ಕಮಿಷನರುಗಳು ಮೂರು ತೀರ್ಮಾನ ತೆಗೆದುಕೊಂಡರು. ಸ್ಲ್ಯಾಗ್ ರೋಗೆ ಬಾಟಲಿ ನೀರು. ಕೊಳವೆಗಳ ಬಗ್ಗೆ ಒಂದು ಅಧ್ಯಯನ. ವಾಂಡಾ ಪ್ರುಚ್ನಿಕ್‌ಳಿಗೆ, ಕರ್ತವ್ಯದಲ್ಲಿ ಮರೆವು ಮತ್ತು ಅನುಮತಿಯಿಲ್ಲದೆ ಕಡತ ಕೊಟ್ಟದ್ದಕ್ಕಾಗಿ, ಸಂಬಳವಿಲ್ಲದ ಅಮಾನತು, ವಿಚಾರಣೆ ಮುಗಿಯುವವರೆಗೆ. ಮೂರನೆಯದು ಮಾತ್ರ ಮರುದಿನವೇ ಜಾರಿಗೆ ಬಂತು.

ಗುಡ್ ಫ್ರೈಡೆಯ ದಿನ ಅಗ್ನಿಶಾಮಕ ಸಭಾಂಗಣದ ಸಾಲು ರಸ್ತೆಯವರೆಗೆ ಬಂದಿತ್ತು. ವಾಂಡಾ ಬಾಣಲೆಯ ಮುಂದಿದ್ದಳು. ಲೊರೆಟ್ಟಾ ತಟ್ಟೆ ಹಿಡಿದು ಮುಂದೆ ಬಂದಳು.

"ಎಷ್ಟು ತುಂಡು?"

"ಮೂರು. ನಮ್ಮನೆ ನಲ್ಲೀದೂ ಆ ಕಡತದಲ್ಲಿ ಸಿಕ್ತು ಕಣೇ. ಎರಡು ಸಾವಿರದ ಹನ್ನೊಂದರ ಪರೀಕ್ಷೆ. ಆಗಲೇ ಗೊತ್ತಿತ್ತು ಆ ಕಳ್ಳರಿಗೆ. ಆಗಿನ್ನೂ ನನ್ನ ಮೊಮ್ಮಕ್ಕಳು ಹುಟ್ಟೇ ಇರ್ಲಿಲ್ಲ."

"ಹೂಂ. ಓದಿದೆ."

"ಗುಂಡಿ ಒತ್ತಿ ಅಳಿಸಿದ್ದು ನೀನೇ ಅಂತ ಕೈಲ್ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದಾನೆ. ನಿಜಾನಾ?"

"ನಿಜ."

ಲೊರೆಟ್ಟಾ ಅವಳನ್ನು ಬಸ್ಸಿನ ಕನ್ನಡಿಯಲ್ಲಿ ಹಿಂದಿನ ಸೀಟಿನ ಪುಂಡರನ್ನು ನೋಡುವ ಹಾಗೆ ನೋಡಿದಳು. "ಜೋಪಾನ ಮಾಡು ಅಂದಿದ್ದೆ."

"ಅಂದಿದ್ದೆ."

"ಆ ಗಾಜು ನೀನು ಸರಿಯಾಗಿ ನೆನಪಿಟ್ಟು ತೆಗೆದಿದ್ರೆ?"

"ಉಗ್ರಾಣ ತುಂಬ್ತಿರ್ಲಿಲ್ಲ, ಯಾರೂ ಏನೂ ಅಳಿಸ್ತಿರ್ಲಿಲ್ಲ. ನೀನು ಇನ್ನೂ ಸಹಿಗೆ ಕಾಯ್ತಾ ಇರ್ತಿದ್ದೆ, ಕೈಲಿ ಏನೂ ಇರ್ತಿರ್ಲಿಲ್ಲ."

"ಹಾಗಾದ್ರೆ ಆ ಸೊಂಟ ಮುರಿದವಳಿಗೆ ಥ್ಯಾಂಕ್ಸ್ ಹೇಳ್ತೀನಿ. ನಿಂಗೆ ಹೇಳಲ್ಲ."

"ಬೇಡ. ಪಿಯೆರೋಗಿ ಕಡುಬು ಹಾಕ್ಲಾ? ಆಲೂಗಡ್ಡೆದು."

"ಹಾಕು, ಕೈ ಬಿಗಿ ಹಿಡೀಬೇಡ." ಹಿಂದಿನವರು ತಳ್ಳುತ್ತಿದ್ದರೂ ಅವಳು ಕದಲಲಿಲ್ಲ. "ಮಂಗಳವಾರ ಹತ್ತು ಗಂಟೆಗೆ ಬೀದಿಯವರೆಲ್ಲ ಕೋರ್ಟಿಗೆ ಮೆರವಣಿಗೆ ಬರ್ತಿದೀವಿ. ಅಧ್ಯಯನ ಬೇಡ, ಕೊಳವೆ ಅಗೀರಿ ಅಂತ. ಬೋರ್ಡು ಹಿಡಿಯೋಕೆ ಜನ ಬೇಕು. ನಿಂಗೆ ಹೇಗೂ ಕೆಲಸ ಇಲ್ವಲ್ಲ."

"ಬರ್ತೀನಿ."

"ಬರೆದಿಟ್ಕೋ. ನಿನ್ನ ತಲೆ ನಂಬಿ ಕೂರೋಕಾಗಲ್ಲ."

ವಾಂಡಾ ಎಣ್ಣೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಹಸಿರು ಚೀಟಿ ಪುಸ್ತಕ ತೆಗೆದು "ಮಂಗಳವಾರ" ಎಂದು ಬರೆದಳು. ಒಂದು ಗಳಿಗೆ ಪೆನ್ನು ಹಿಡಿದೇ ನಿಂತು, ಅದರ ಪಕ್ಕದಲ್ಲಿ ತಾರೀಖನ್ನೂ ಬರೆದಳು.